ಎಳೆಯ ಕಡಲಕಾಗೆಗಳ ಗರಿಬದಲು ಮತ್ತು ಹೆಸರಿನ ಪ್ರಶ್ನೆ: ಆಲಮಟ್ಟಿ ಹಿನ್ನೀರಿನ ಹಿನ್ನೆಲೆಯಲ್ಲಿ

ಪ್ರಾಣಿಪಕ್ಷಿಗಳನ್ನು ಹೆಸರಿಸುವ ಕ್ರಮವು ಜನಪದರ ಲೋಕಜ್ಞಾನದ ಮುಖ್ಯ ಅಂಗವಾಗಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪರಿಸರದ ಒಕ್ಕಲುತನದಲ್ಲಿ ಕರು, ಹೋರಿ, ಎತ್ತು ಎಂಬವು ಒಂದೇ ಪ್ರಾಣಿಯ ಬೇರೆ ಬೇರೆ ಅವಸ್ಥೆಗಳ ಹೆಸರುಗಳು. ಬಾಯಿ ನೋಡಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’ ಎಂದು ವಯಸ್ಸು ಹೇಳುವ ಪರಿಣತಿಯೂ ರೈತರಲ್ಲಿದೆ. ಆದರೆ ಋತುವಿಗೊಮ್ಮೆ ಬಂದು ಹೋಗುವ ಹಕ್ಕಿಯ ಬೆಳವಣಿಗೆಯನ್ನು ಹೀಗೆ ಹತ್ತಿರದಿಂದ ಕಾಣುವ ಅವಕಾಶವಿಲ್ಲ. ಆದ್ದರಿಂದ ಒಂದೇ ಹಕ್ಕಿ ಹಲವು ಹಕ್ಕಿಗಳಾಗಿ ದಾಖಲಾಗುವ ಸಾಧ್ಯತೆಯಿದೆ. ಕಡಲಕಾಗೆ ಇದಕ್ಕೆ ಉತ್ತಮ ನಿದರ್ಶನ.

ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟು 2005ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಚಾಚಿಕೊಂಡು ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಮುಳುಗಿಸಿತು; ಜನವಸತಿ ನವನಗರಕ್ಕೆ ಸ್ಥಳಾಂತರಗೊಂಡಿತು. ಊರು ಬಿಟ್ಟುಕೊಟ್ಟ ಈ ನೀರಿಗೆ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳಲ್ಲಿ ಕಂದುತಲೆಯ ಕಡಲಕಾಗೆಯೂ ಒಂದು. ಲಡಾಖ್ ಮತ್ತು ಟಿಬೆಟ್‌ನ ಎತ್ತರದ ಸರೋವರಗಳಲ್ಲಿ ಮರಿಮಾಡುವ ಇದು ಬೇಸಿಗೆಯ ಹೊತ್ತಿಗೆ ಮರಳುತ್ತದೆ.

ಪೂರ್ಣ ಬೆಳೆದ ಗರಿಯು ನಿರ್ಜೀವ ವಸ್ತು. ಸವೆದ ಗರಿ ತಾನಾಗಿ ಸರಿಹೋಗುವುದಿಲ್ಲ; ಅದು ಉದುರಿ ಹೊಸದು ಮೂಡಬೇಕು. ಬೆಳೆದ ಕಡಲಕಾಗೆ ವರ್ಷಕ್ಕೆ ಎರಡು ಬಾರಿ ಗರಿ ಬದಲಿಸುತ್ತದೆ. ಮರಿಮಾಡಿದ ಬಳಿಕ ರೆಕ್ಕೆ, ಬಾಲ, ಮೈಗಳ ಗರಿಗಳೆಲ್ಲ ಹಂತಹಂತವಾಗಿ ಬದಲಾಗುತ್ತವೆ. ರೆಕ್ಕೆಯ ತುದಿಭಾಗದ ದೊಡ್ಡ ಗರಿಗಳು ಒಳಗಿನಿಂದ ಹೊರಕ್ಕೆ ಅನುಕ್ರಮವಾಗಿ ಉದುರುವುದರಿಂದ ಹಾರಾಟ ನಿಲ್ಲುವುದಿಲ್ಲ. ಚಳಿಗಾಲದ ಕೊನೆಯಲ್ಲಿ ತಲೆ ಮತ್ತು ಮೈಯ ಗರಿಗಳು ಮಾತ್ರ ಮತ್ತೊಮ್ಮೆ ಬದಲಾಗುತ್ತವೆ. ಹೀಗಾಗಿ ಡಿಸೆಂಬರಿನಲ್ಲಿ ಬಿಳಿ ತಲೆ, ಕಿವಿಯ ಹಿಂದೆ ಕಪ್ಪು ಕಲೆ ಇದ್ದ ಹಕ್ಕಿಯೇ ಮರಳುವ ಮುನ್ನ ಕಂದು ಕುಲಾವಿ ಧರಿಸಿದಂತೆ ಕಾಣುತ್ತದೆ.

ಎಳೆಯ ಹಕ್ಕಿಯ ಕ್ರಮ ಭಿನ್ನವಾದುದು. ಮೊದಲ ಶರತ್ಕಾಲದಲ್ಲಿ ಅದು ತಲೆ, ಮೈಗಳ ಗರಿಗಳನ್ನು ಬದಲಿಸಿದರೂ ರೆಕ್ಕೆ ಮತ್ತು ಬಾಲದ ದೊಡ್ಡ ಗರಿಗಳನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಮೊದಲ ಚಳಿಗಾಲದಲ್ಲಿ ರೆಕ್ಕೆಯ ಮೇಲೆ ಕಂದು ಗುರುತು, ಬಾಲದ ತುದಿಗೆ ಕಪ್ಪು ಪಟ್ಟಿ ಇರುತ್ತವೆ. ಬೆಳೆದ ಹಕ್ಕಿಯ ಕಪ್ಪು ರೆಕ್ಕೆತುದಿಯಲ್ಲಿ ಕಾಣುವ ಬಿಳಿ ಬೊಟ್ಟುಗಳು ಇದಕ್ಕಿಲ್ಲ. ಕಣ್ಣಿನ ತಿಳಿಬಣ್ಣವೂ ಬಂದಿರುವುದಿಲ್ಲ. ಸುಮಾರು ಒಂದು ವರ್ಷ ತುಂಬಿದಾಗ ಪೂರ್ಣ ಗರಿಬದಲು ಆರಂಭವಾಗಿ, ಎರಡನೆಯ ಚಳಿಗಾಲಕ್ಕೆ ಅದು ಹಿರಿಯ ಹಕ್ಕಿಯನ್ನು ಬಹುಮಟ್ಟಿಗೆ ಹೋಲುತ್ತದೆ.

ಒಟ್ಟಿನಲ್ಲಿ, ತಲೆಯ ಬಣ್ಣ ಮುಖ್ಯವಾಗಿ ಋತುವನ್ನು ಹೇಳಿದರೆ ಬಾಲ ಮತ್ತು ರೆಕ್ಕೆ ವಯಸ್ಸನ್ನು ಹೇಳುತ್ತವೆ. ಎತ್ತಿಗೆ ಹಲ್ಲು ಹೇಗೋ ಎಳೆಯ ಕಡಲಕಾಗೆಗೆ ಬಾಲದ ಪಟ್ಟಿ ಹಾಗೆ.

ಪಕ್ಷಿನಾಮಗಳ ಕ್ಷೇತ್ರಕಾರ್ಯಕ್ಕೆ ಈ ತಿಳಿವಳಿಕೆ ಅಗತ್ಯ. ‘ಬಿಳಿತಲೆಯದು’, ‘ಕಂದುತಲೆಯದು’, ‘ಪಟ್ಟಿಬಾಲದ್ದು’ ಎಂಬ ಮೂರು ವಿವರಣೆಗಳು ದೊರೆತಾಗ ಅವನ್ನು ಮೂರು ಪ್ರಭೇದಗಳೆಂದು ಕೋಶಕ್ಕೆ ಸೇರಿಸುವುದು ಆತುರದ ಕೆಲಸವಾಗುತ್ತದೆ. ಹೆಸರಿನ ಜೊತೆಗೆ ಹಕ್ಕಿಯನ್ನು ಕಂಡ ತಿಂಗಳು, ತಲೆಯ ಬಣ್ಣ, ಬಾಲದ ಅಂಚು, ರೆಕ್ಕೆಯ ತುದಿ ಇವಿಷ್ಟನ್ನೂ ಬರೆದುಕೊಳ್ಳಬೇಕು. ಹಾಗಾದಾಗ ಮಾತ್ರ ವಕ್ತೃಗಳು ಕಂಡದ್ದು ಬೇರೆ ಹಕ್ಕಿಯನ್ನೋ, ಒಂದೇ ಹಕ್ಕಿಯ ಬೇರೆ ಅವಸ್ಥೆಯನ್ನೋ ಎಂಬುದನ್ನು ನಿರ್ಣಯಿಸಲು ಸಾಧ್ಯ.