ಡಿಸ್ಕೋ ದೀವಾನೆ (ಆಲ್ಬಮ್)

ಡಿಸ್ಕೋ ದೀವಾನೆ ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ (1965–2000) ಅವರ ಚೊಚ್ಚಲ ಆಲ್ಬಮ್. 1981ರಲ್ಲಿ ಬಿಡುಗಡೆಯಾದ ಈ ಗೀತಸಂಕಲನದಲ್ಲಿ ಅವರ ತಮ್ಮ ಜೊಹೆಬ್ ಹಸನ್ ಕೂಡ ಹಾಡಿದ್ದಾರೆ. ಇದನ್ನು ನಿರ್ಮಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಸಂಗೀತಗಾರ ಬಿದ್ದು. ಚಲನಚಿತ್ರದ ಆಸರೆಯಿಲ್ಲದ ಪಾಪ್ ಗೀತೆಗಳೂ ಚಿತ್ರಗೀತೆಗಳಂತೆ ಜನಸಾಮಾನ್ಯರನ್ನು ತಲುಪಬಲ್ಲವು ಎಂಬುದನ್ನು ಭಾರತ ಉಪಖಂಡದಲ್ಲಿ ತೋರಿಸಿಕೊಟ್ಟ ಆರಂಭದ ಕೃತಿಗಳಲ್ಲಿ ಇದಕ್ಕೆ ಪ್ರಮುಖ ಸ್ಥಾನವಿದೆ. ಶೀರ್ಷಿಕೆಗೆ ‘ಡಿಸ್ಕೋದ ಹುಚ್ಚು ಹಿಡಿದವರು’ ಎಂಬ ಅರ್ಥವಿದೆ.

ಹಿನ್ನೆಲೆ

ಕರಾಚಿಯಲ್ಲಿ ಜನಿಸಿದ ನಾಜಿಯಾ, ಬಾಲ್ಯದಲ್ಲಿ ಪಾಕಿಸ್ತಾನದ ದೂರದರ್ಶನದ ಮಕ್ಕಳ ಸಂಗೀತ ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದರು. ಲಂಡನ್ನಿನಲ್ಲಿ ನಟ–ನಿರ್ದೇಶಕ ಫಿರೋಜ್ ಖಾನ್ ಅವರ ಪರಿಚಯವಾದದ್ದು ಅವರ ಬದುಕಿನ ತಿರುವು. ಖಾನ್ ತಮ್ಮ ‘ಕುರ್ಬಾನಿ’ (1980) ಚಿತ್ರಕ್ಕೆ ಒಂದು ಡಿಸ್ಕೋ ಗೀತೆಯನ್ನು ಬಯಸಿದ್ದರು. ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣಜಿ–ಆನಂದಜಿ ಅವರ ಸಂಗೀತವಿದ್ದರೂ, ಇಂದೀವರ್ ರಚಿಸಿದ ‘ಆಪ್ ಜೈಸಾ ಕೋಯಿ’ ಗೀತೆಯನ್ನು ಮಾತ್ರ ಬಿದ್ದು ಅವರಿಗೆ ವಹಿಸಲಾಯಿತು. ಫಿರೋಜ್ ಖಾನ್ ಕೂಡ ಬೆಂಗಳೂರಿನಲ್ಲಿಯೇ ಹುಟ್ಟಿದವರು ಎಂಬುದು ಇಲ್ಲಿ ನೆನೆಯಬಹುದಾದ ಸಂಗತಿ.

ಕೊಡವ ಕುಟುಂಬದ ಬಿದ್ದು ಬೆಂಗಳೂರಿನಲ್ಲಿ ‘ಟ್ರೋಜನ್ಸ್’ ಎಂಬ ವಾದ್ಯತಂಡದೊಂದಿಗೆ ಹಾಡುತ್ತಿದ್ದು, 1960ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿದ್ದರು. ಅವರು ನಿರ್ಮಿಸಿದ, ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಜನಪ್ರಿಯ ಗೀತೆಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಹೀಗಾಗಿ ಹಿಂದಿ ಚಿತ್ರರಂಗವು ದೂರದಿಂದ ಅನುಕರಿಸುತ್ತಿದ್ದ ಡಿಸ್ಕೋ ಶೈಲಿ ಇವರಿಗೆ ನಿತ್ಯದ ಕಸುಬಾಗಿತ್ತು. ‘ಆಪ್ ಜೈಸಾ ಕೋಯಿ’ ಹಾಡಿಗಾಗಿ ನಾಜಿಯಾ ತಮ್ಮ ಹದಿಹರೆಯದಲ್ಲಿಯೇ ಅತ್ಯುತ್ತಮ ಹಿನ್ನೆಲೆ ಗಾಯಕಿಯೆಂದು ಫಿಲಂಫೇರ್ ಪ್ರಶಸ್ತಿ ಪಡೆದರು.

ಸಂಗೀತ

ಈ ಯಶಸ್ಸಿನ ಬೆನ್ನಲ್ಲೇ ಆಲ್ಬಮ್ ಸಿದ್ಧವಾಯಿತು. ಅನ್ವರ್ ಖಾಲಿದ್ ಬರೆದ ಶೀರ್ಷಿಕೆ ಗೀತೆಗೆ ಬಿದ್ದು ರಾಗ ಸಂಯೋಜಿಸಿದರು. ಹಲವು ಗೀತೆಗಳ ರಚನೆಯಲ್ಲಿ ಜೊಹೆಬ್ ಅವರ ಪಾತ್ರವೂ ಇದೆ. ‘ಆವೋ ನಾ’, ‘ಲೇಕಿನ್ ಮೇರಾ ದಿಲ್’, ‘ಮುಝೆ ಚಾಹೆ ನ ಚಾಹೆ’ ಇತರ ಪರಿಚಿತ ಗೀತೆಗಳು.

ಆಲ್ಬಮಿನ ಹೊಸತನ ತಾಳವಾದ್ಯ ಅಥವಾ ಸಿಂಥಸೈಜರ್‌ಗಳಿಗಿಂತ ಹೆಚ್ಚಾಗಿ ಗಾಯನದಲ್ಲಿದೆ ಎನ್ನಬೇಕು. ಲತಾ ಮಂಗೇಶ್ಕರ್ ಮತ್ತು ಆಶಾ ಭೋಸ್ಲೆ ಅವರ ನುರಿತ ಕಂಠಗಳೇ ಹಿಂದಿ ಸ್ತ್ರೀಗಾಯನದ ಮಾನದಂಡವಾಗಿದ್ದ ಕಾಲವದು. ನಾಜಿಯಾ ಅವರದು ತೆಳುವಾದ, ತುಸು ಅನುನಾಸಿಕವಾದ, ಗಮಕಗಳ ಗೋಜಿಗೆ ಹೋಗದ ಧ್ವನಿ. ‘ಆಪ್ ಜೈಸಾ ಕೋಯಿ’ ಹಾಡಿನಲ್ಲಿ ಬಿದ್ದು ಅದೇ ಧ್ವನಿಯನ್ನು ಎರಡು ಬಾರಿ ಮುದ್ರಿಸಿ, ಒಂದರ ಮೇಲೊಂದು ಕೂಡಿಸಿ ಅದಕ್ಕೆ ತೂಕ ತಂದಿದ್ದರು. ಆಲ್ಬಮಿನಲ್ಲಿ ಕೇಳಿಬರುವುದು ಚಿತ್ರದ ನಾಯಕಿಗೆ ಎರವಲು ಕೊಟ್ಟ ಕಂಠವಲ್ಲ, ಹದಿಹರೆಯದ ಹುಡುಗಿಯೊಬ್ಬಳ ಸ್ವಂತ ಕಂಠ. ಅದನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡದ್ದು ನಿರ್ಮಾಪಕರ ಜಾಣ್ಮೆ.

ಬಿಡುಗಡೆ ಮತ್ತು ಸ್ವೀಕಾರ

ಅಮೆರಿಕದಲ್ಲಿ ಡಿಸ್ಕೋ ವಿರೋಧಿ ಅಲೆ 1979ರಲ್ಲಿಯೇ ಎದ್ದು, ಷಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ಧ್ವನಿಮುದ್ರಿಕೆಗಳನ್ನು ಸ್ಫೋಟಿಸಲಾಗಿತ್ತು. ಅಲ್ಲಿ ಇಳಿಮುಖವಾದ ಶೈಲಿಯು ಉಪಖಂಡದಲ್ಲಿ ಆಗಷ್ಟೇ ಏರುಗತಿಯಲ್ಲಿತ್ತು. ಭಾರತದಲ್ಲಿ ಎಚ್‌.ಎಂ.ವಿ. ಮುದ್ರೆಯಡಿ ಹೊರಬಂದ ಆಲ್ಬಮ್ ಭಾರಿ ಮಾರಾಟ ಕಂಡಿತು. ಆಗ ವಿವಿಧ ಭಾರತಿಯ ಸಮಯವನ್ನು ಬಹುಮಟ್ಟಿಗೆ ಚಿತ್ರಗೀತೆಗಳೇ ತುಂಬಿದ್ದವು. ದೂರದರ್ಶನದ ‘ಚಿತ್ರಹಾರ್’ ಇದ್ದದ್ದೇ ಚಿತ್ರಗೀತೆಗಳಿಗಾಗಿ. ನಾಯಕ, ನಾಯಕಿ, ಕಥೆ, ತೆರೆಯ ಮೇಲಿನ ದೃಶ್ಯ ಯಾವುದೂ ಇಲ್ಲದ ಗೀತೆಗಳಿಗೆ ಪ್ರಚಾರದ ದಾರಿಗಳೇ ಕಡಿಮೆಯಿದ್ದವು. ಆದರೆ ಅದೇ ವೇಳೆಗೆ ಕ್ಯಾಸೆಟ್ ಮತ್ತು ಟೇಪ್ ರೆಕಾರ್ಡರುಗಳು ಮನೆಮನೆಗೆ ಬರತೊಡಗಿದ್ದವು. ಈ ಹಾಡುಗಳು ಅಂಗಡಿ, ಸಮಾರಂಭ, ಸ್ನೇಹಿತರ ಕೂಟಗಳ ಮೂಲಕ ಹರಡಲು ಅದು ನೆರವಾಯಿತು.

ಪಾಕಿಸ್ತಾನದ ಪರಿಸ್ಥಿತಿ ಬೇರೆಯಾಗಿತ್ತು. 1977ರಲ್ಲಿ ಅಧಿಕಾರಕ್ಕೆ ಬಂದ ಜನರಲ್ ಜಿಯಾ ಉಲ್ ಹಕ್ ಅವರ ಆಡಳಿತವು ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಮಹಿಳೆಯರ ಉಡುಪು, ನಡವಳಿಕೆಗಳ ಮೇಲೆ ನಿರ್ಬಂಧ ಹೇರಿತ್ತು. ಕುಣಿತಕ್ಕೆಂದೇ ರಚಿಸಿದ ಹಾಡುಗಳನ್ನು ಹುಡುಗಿಯೊಬ್ಬಳು ತಮ್ಮನೊಡನೆ ಹಾಡುವುದು ಅಂತಹ ವಾತಾವರಣದಲ್ಲಿ ಸಣ್ಣ ವಿಷಯವಾಗಿರಲಿಲ್ಲ. ಹಾಗಿದ್ದೂ ನಗರಗಳ ಯುವಜನರು ಆಲ್ಬಮನ್ನು ತಮ್ಮದಾಗಿಸಿಕೊಂಡರು. ಪಾಕಿಸ್ತಾನಿ ಪಾಪ್ ಸಂಗೀತದ ಇತಿಹಾಸವನ್ನು ಅನೇಕರು ಇಲ್ಲಿಂದಲೇ ಆರಂಭಿಸುತ್ತಾರೆ. ಎರಡೂ ದೇಶಗಳು ಒಂದೇ ಆಲ್ಬಮನ್ನು ಮೆಚ್ಚಿದ್ದು ಆ ಕಾಲದ ರಾಜಕೀಯವನ್ನು ನೆನೆದರೆ ಗಮನಾರ್ಹ.

ನಂತರದ ಬೆಳವಣಿಗೆ

ಅಕ್ಕ–ತಮ್ಮಂದಿರು ಬಿದ್ದು ಅವರೊಂದಿಗೆ ‘ಸ್ಟಾರ್’ (1982) ಚಿತ್ರದ ಗೀತೆಗಳನ್ನು ಹಾಡಿದರು. 1984ರಲ್ಲಿ ‘ಯಂಗ್ ತರಂಗ್’ ಬಂದಿತು. ಭಾರತದಲ್ಲಿ ಚಿತ್ರೇತರ ಪಾಪ್ ದೊಡ್ಡ ಉದ್ಯಮವಾಗಲು ಉಪಗ್ರಹ ವಾಹಿನಿಗಳು ಬರುವ ತನಕ ಕಾಯಬೇಕಾಯಿತು. ಆ ಹಂತದ ಮಹತ್ವದ ಯಶಸ್ಸಾದ ಅಲಿಷಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ (1995) ಕೂಡ ಬಿದ್ದು ಅವರ ಕೃತಿಯೇ. ನಾಜಿಯಾ ಸಂಗೀತವನ್ನೇ ವೃತ್ತಿಯಾಗಿ ಮುಂದುವರಿಸದೆ, ಉನ್ನತ ಶಿಕ್ಷಣ ಪಡೆದು ಕೆಲಕಾಲ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕ್ಯಾನ್ಸರಿನಿಂದ ನಿಧನರಾದಾಗ ಅವರಿಗೆ 35 ವರ್ಷ. ಕರಣ್ ಜೋಹರ್ ನಿರ್ದೇಶನದ ‘ಸ್ಟೂಡೆಂಟ್ ಆಫ್ ದಿ ಇಯರ್’ (2012) ಚಿತ್ರಕ್ಕಾಗಿ ವಿಶಾಲ್–ಶೇಖರ್ ಶೀರ್ಷಿಕೆ ಗೀತೆಯನ್ನು ಹೊಸದಾಗಿ ಅಳವಡಿಸಿದಾಗ, ಸುನಿಧಿ ಚೌಹಾನ್ ಮತ್ತು ಬೆನ್ನಿ ದಯಾಳ್ ಅವರ ಗಾಯನದ ಜೊತೆಗೆ ನಾಜಿಯಾ ಅವರ ಮೂಲ ಧ್ವನಿಯನ್ನೂ ಉಳಿಸಿಕೊಳ್ಳಲಾಯಿತು.