ಪದ್ಮಿನಿಯ ಮುಳ್ಳು ನಿಂತಾಗ... ಪೆಟ್ರೋಲ್ ಟ್ಯಾಂಕಿಗೆ ಕೈ ಹಾಕುವ ಮುನ್ನ

ಪುಣೆ: ಹಡಪಸರದಲ್ಲಿ ನೆಲೆಸಿರುವ ಕಲಬುರಗಿ, ವಿಜಯಪುರ ಕಡೆಯ ಕನ್ನಡಿಗರಿಗೆ ಸೋಲಾಪುರ ರಸ್ತೆಯೆಂದರೆ ಊರಿನ ದಾರಿ. ಕಳೆದ ವರ್ಷ ಮದುವೆಯೊಂದಕ್ಕೆಂದು ಅದೇ ದಾರಿಯಲ್ಲಿ ಹೊರಟ ನಮ್ಮ ಹಳೆಯ ಪ್ರೀಮಿಯರ್ ಪದ್ಮಿನಿ ಇಂದಾಪುರ ದಾಟಿದ ಮೇಲೆ ರಾತ್ರಿ ಹೊತ್ತು ನಿಂತುಬಿಟ್ಟಿತು. ಮೀಟರಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಟ್ಯಾಂಕಿನಲ್ಲಿ ಮಾತ್ರ ಹನಿ ಪೆಟ್ರೋಲ್ ಇರಲಿಲ್ಲ! ಹೆಂಗಸರು ಮಕ್ಕಳನ್ನು ಕತ್ತಲಲ್ಲಿ ಕೂರಿಸಿ, ಡಬ್ಬ ಹಿಡಿದು ಬಂಕ್ ಹುಡುಕಿದ ಆ ರಾತ್ರಿ ಮರೆಯುವಂಥದ್ದಲ್ಲ.

ಈ ಕಾರು ನನ್ನ ಮಾವನವರದು. ಸೋಲಾಪುರದಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದ ವಾಲಚಂದ್ ಹೀರಾಚಂದ್ ಅವರೇ ಕಟ್ಟಿದ ಪ್ರೀಮಿಯರ್ ಕಂಪನಿಯ ಕುರ್ಲಾ ಕಾರ್ಖಾನೆಯ ಗಾಡಿ ಇದು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾಯಿತು. ಆದರೂ ಹಿರಿಯರ ನೆನಪಿಗೆಂದು ಪದ್ಮಿನಿಯನ್ನು ಉಳಿಸಿಕೊಂಡ ಮನೆಗಳು ನಮ್ಮವರಲ್ಲಿ ಇನ್ನೂ ಇವೆ. ಅಂಥವರಿಗಾಗಿ ಈ ಅನುಭವ.

ಊರಿಂದ ಮರಳಿದ ಮೇಲೆ ಗ್ಯಾರೇಜೊಂದಕ್ಕೆ ಹೋದೆವು. ಅಲ್ಲಿನ ಹುಡುಗ ಪೈಪಿಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯತೊಡಗಿದ. ಉರಿಯುವ ಬಲ್ಬನ್ನು ಟ್ಯಾಂಕಿನ ಹತ್ತಿರವೇ ನೇತುಹಾಕಿದ್ದ. ಅಷ್ಟರಲ್ಲಿ ಅಲ್ಲಿದ್ದ ವಿಜಯಪುರ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಓಡಿ ಬಂದು ತಡೆದರು. "ಸಾಹೇಬ್ರ, ಟ್ಯಾಂಕ್ ಖಾಲಿ ಐತಿ ಅಂತ ಧೈರ್ಯ ಮಾಡಬ್ಯಾಡ್ರಿ. ತುಂಬಿದ್ದಕ್ಕಿಂತ ಖಾಲೀದ ಭಾಳ ಕೆಟ್ಟ" ಎಂದರು.

ಅವರ ಮಾತು ಅಕ್ಷರಶಃ ಸತ್ಯ. ಹೊತ್ತಿಕೊಳ್ಳುವುದು ಪೆಟ್ರೋಲಿನ ಆವಿ. ಖಾಲಿ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಬೆರೆತಿರುತ್ತವೆ. ಒಂದು ಕಿಡಿ ಸಾಕು. ಈ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಹರಿದು ದೂರದ ಬೆಂಕಿಯನ್ನೂ ತಲುಪಬಲ್ಲದು. ಬಾಯಿಂದ ಎಳೆದಾಗ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ತೆಗೆಯುವ ಮುನ್ನ ಪರೀಕ್ಷೆ

ಟ್ಯಾಂಕಿನೊಳಗೆ ಒಂದು ತೇಲುಗುಂಡು ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು 'ಫ್ಲೋಟ್' ಎನ್ನುತ್ತಾರೆ. ಪೆಟ್ರೋಲ್ ಇಳಿದಂತೆ ಗುಂಡೂ ಅದರ ಕಡ್ಡಿಯೂ ಇಳಿಯುತ್ತವೆ. ಕಡ್ಡಿಯ ಬುಡ ಸುರುಳಿ ತಂತಿಯ ಮೇಲೆ ಜಾರಿ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮುಳ್ಳು ಆಡುವುದು ಇದರಿಂದಲೇ.

ಮುಳ್ಳು ನಿಂತ ಮಾತ್ರಕ್ಕೆ ಫ್ಲೋಟ್ ಕೆಟ್ಟಿದೆ ಎನ್ನಲಾಗದು. ಎಷ್ಟೋ ಸಲ ಅರ್ಥಿಂಗ್ ವೈರ್ ತುಕ್ಕು ಹಿಡಿದಿರುತ್ತದೆ, ಅಷ್ಟೆ. ಮೇಸ್ತ್ರಿ ಟ್ಯಾಂಕ್ ಮುಚ್ಚಿದ್ದಂತೆಯೇ ಇಟ್ಟು, ಚಾವಿ ಬಂದ್ ಮಾಡಿ, ಫ್ಲೋಟಿನ ಮೀಟರ್ ವೈರ್ ಬಿಚ್ಚಿ ಬಾಡಿಗೆ ಕಟ್ಟಿದರು. ಆಮೇಲೆ ಒಂದು ಕ್ಷಣ ಚಾವಿ ತಿರುಗಿಸಿದರು. ಮುಳ್ಳು ಸರ್ರನೆ ಒಂದು ತುದಿಗೆ ಓಡಿತು. ಮೀಟರೂ ವೈರೂ ಸರಿ ಇವೆ ಎಂದಾಯಿತು. ಫ್ಲೋಟಿನ ಅರ್ಥಿಂಗ್ ಕೂಡ ಸರಿಯಿತ್ತು. ಹಾಗಾಗಿ ಫ್ಲೋಟ್ ತೆಗೆಯಲೇಬೇಕಾಯಿತು.

ತೆಗೆಯುವ ಬಗೆ

ಗಾಡಿಯನ್ನು ಬಯಲಿಗೆ ತಳ್ಳಿದೆವು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಮೊಬೈಲುಗಳನ್ನು ದೂರ ಇಡಿಸಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟುಕೊಂಡರು. ಉಳಿದ ಪೆಟ್ರೋಲನ್ನು ಕೈಪಂಪಿನಿಂದ ಲೋಹದ ಡಬ್ಬಕ್ಕೆ ತೆಗೆದರು. ಮುಚ್ಚಳದ ಸುತ್ತಲಿನ ಧೂಳನ್ನು ಚೆನ್ನಾಗಿ ಒರೆಸಿದರು, ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿಗೆ ಬಿದ್ದು ಕಾರ್ಬುರೇಟರಿಗೆ ಹೋಗುತ್ತದೆ. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಬಿಟ್ಟು ಕಾದರು. ಸುತ್ತಿಗೆ ಏಟಿಲ್ಲ, ಗ್ರೈಂಡರ್ ಇಲ್ಲ. ಮುಚ್ಚಳ ಕೂತಿದ್ದ ದಿಕ್ಕಿಗೆ ಗುರುತು ಹಾಕಿ, ಕಡ್ಡಿ ಬಾಗದಂತೆ ಓರೆ ಮಾಡಿ ಮೆಲ್ಲನೆ ಹೊರತೆಗೆದರು. ತೂತನ್ನು ಕೂಡಲೇ ಮುಚ್ಚಿದರು.

ಕಡ್ಡಿಯ ಕೀಲಿಗೆ ತುಕ್ಕು, ಜಿಗುಟು ಅಂಟಿ ಅರ್ಧಕ್ಕೇ ಸಿಕ್ಕಿಕೊಂಡಿತ್ತು! ಗುಂಡನ್ನು ಅಲುಗಾಡಿಸಿದರೆ ಒಳಗೆ ಪೆಟ್ರೋಲ್ ಸದ್ದಿಲ್ಲ, ತೂತಿಲ್ಲ. ತೊಳೆದು, ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ ಅದನ್ನೇ ಮತ್ತೆ ಕೂರಿಸಿದರು. ಹೊಸದಾಗಿ ಹಾಕಿದ್ದು ಗ್ಯಾಸ್ಕೆಟ್ ಒಂದೇ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಅದನ್ನು ತಾಳುವ ಗ್ಯಾಸ್ಕೆಟ್ಟೇ ಬೇಕು. ಪೆಟ್ರೋಲ್ ತುಂಬಿಸಿ, ಸೋರಿಕೆ, ವಾಸನೆ ಇಲ್ಲವೆಂದು ಖಚಿತವಾದ ಮೇಲೆಯೇ ಬ್ಯಾಟರಿ ಜೋಡಿಸಿದರು.

ಮಾವನವರು ಮುಂದಿನ ಸೀಟಿನಲ್ಲಿ ಕೂತು ಮುಳ್ಳು ಏರುವುದನ್ನೇ ನೋಡುತ್ತಿದ್ದರು. ಹಳೆಯ ಗಾಡಿ ಇಟ್ಟುಕೊಂಡ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೆ: ಬರೀ ಮುಳ್ಳನ್ನು ನಂಬಿ ದೂರ ಹೊರಡಬೇಡಿ, ಓಡಿದ ಕಿಲೋಮೀಟರ್ ಬರೆದಿಡಿ. ಟ್ಯಾಂಕ್ ಬಿಚ್ಚುವ ಕೆಲಸವನ್ನು ಅವಸರದವರ ಕೈಗೆ ಕೊಡಬೇಡಿ. ಗಾಡಿ ಇನ್ನೊಂದು ಸಿಕ್ಕೀತು, ಜೀವ ಸಿಗದು.