ಸೋರುವ ಕಡೆ ಚಾಪೆ ಹಾಸಬೇಡಿ

ಮಳೇಲಿ ಮನೆ ಒಂದು ಕಡೆ ಸೋರಿದ್ರೆ ಏನು ಮಾಡ್ತೀರಿ? ಸೋರದ ಕಡೆ ಚಾಪೆ ಹಾಸ್ತೀರಿ. ಕಂಪ್ಯೂಟರಿಗೂ ಇದೇ ಉಪಾಯ.

ಕಂಪ್ಯೂಟರ್ ಕೆಲಸ ಮಾಡುವಾಗ ವಿಷಯಗಳನ್ನು ರ‍್ಯಾಮ್ ಎಂಬ ನೆನಪಿನಲ್ಲಿ ಇಡುತ್ತದೆ. ಅದರಲ್ಲಿ ಚೌಕಾಬಾರದ ಹಂಗೆ ಮನೆಗಳು, ಕೋಟಿಗಟ್ಟಲೆ. ಪ್ರತಿ ಮನೆಗೂ ಒಂದು ನಂಬರ್.

ನಮ್ಮಣ್ಣನ ಹಳೇ ಕಂಪ್ಯೂಟರ್ ಆಗಾಗ ನಿಂತು ಹೋಗುತ್ತಿತ್ತು. ಹೊಸ ರ‍್ಯಾಮ್ ಹಾಕಿಸಲು ದುಡ್ಡಿರಲಿಲ್ಲ. ಅಣ್ಣ ಮೆಮ್‌ಟೆಸ್ಟ್ ಎಂಬ ಪ್ರೋಗ್ರಾಂ ರಾತ್ರಿಯೆಲ್ಲಾ ಓಡಿಸಿದ. ಅದು ಪ್ರತಿ ಮನೆಯಲ್ಲೂ ಬರೆದು, ತಿರುಗಿ ಓದಿ, ತಪ್ಪು ಬಂದ ಮನೆಗಳ ನಂಬರ್ ತೋರಿಸಿತು. ಆ ಮನೆಗಳನ್ನು ಮುಟ್ಟಬೇಡ ಎಂದು ಅಣ್ಣ ಲಿನಕ್ಸ್‌ಗೆ ಬರೆದುಕೊಟ್ಟ. ಈಗ ನಿಲ್ಲೋದಿಲ್ಲ.

ಅಮೆರಿಕದ ನಾಸಾ 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆಗೂ ಹೀಗೇ ಆಯಿತು. 2023ರ ನವೆಂಬರಿನಲ್ಲಿ ಅದು ಅರ್ಥವಾಗದ ಸಂಕೇತ ಕಳಿಸತೊಡಗಿತು. ಅದರ ಒಂದು ಕಂಪ್ಯೂಟರಿನ ನೆನಪಿನಲ್ಲಿ ಶೇಕಡಾ 3ರಷ್ಟು ಕೆಟ್ಟಿತ್ತು. 2400 ಕೋಟಿ ಕಿಲೋಮೀಟರ್ ಹೋಗಿ ಚಿಪ್ ಬದಲಿಸೋರು ಯಾರು? ಕೆಟ್ಟ ಜಾಗದ ಪ್ರೋಗ್ರಾಂ ಅನ್ನು ತುಂಡು ತುಂಡು ಮಾಡಿ ಒಳ್ಳೇ ಜಾಗಗಳಲ್ಲಿ ಇಡಲು ಇಲ್ಲಿಂದಲೇ ಆದೇಶ ಕಳಿಸಿದರು. ಅದು ಮುಟ್ಟಲು 22 ಗಂಟೆಗೂ ಹೆಚ್ಚು. 2024ರ ಏಪ್ರಿಲ್ 20ರಂದು ಸರಿಯಾದ ಉತ್ತರ ಬಂತು!

ಹೊಸ ಕಡೆ ಸೋರಿದ್ರೆ ಮತ್ತೆ ಹುಡುಕಬೇಕು, ಅಷ್ಟೆ. ಕೆಟ್ಟಿತು ಅಂತ ಎಸೆಯೋ ಮುಂಚೆ, ಎಷ್ಟು ಕೆಟ್ಟಿದೆ ನೋಡಿ.

— 7ನೇ ತರಗತಿ, ಬಿಂಡಿಗನವಿಲೆ